ಕೊಡಲಿ ಮುಟ್ಟದೆ ಸೀಳಿದ ಸೌದೆ

ನಮ್ಮ ಮನೆಯಲ್ಲಿ ಹೆಂಗಸರು ಕೊಡಲಿ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ಯಾರೂ ಹೇಳಿದ್ದಿಲ್ಲ. ಕೇಳಿದವರಿಗೆ ಬೈಗುಳ ಸಿಗುತ್ತಿತ್ತು, ನಾನು ಕೇಳಿ ಕೇಳಿ ಬೈಸಿಕೊಂಡವಳು. ಹೊಸೂರು ಕಡೆಯ ಗುಮ್ಮಳಾಪುರದ ಆ ಮನೆಯ ಹಿಂಬಾಗಿಲ ಪಕ್ಕದ ಗೋಡೆಗೆ ಎರಡು ಗೂಟ, ಗೂಟಗಳಿಗೆ ಎರಡು ಕೊಡಲಿ. ಒಂದು ತೀರಿಹೋದ ತಾತನದು, ಇನ್ನೊಂದು ಅಪ್ಪನದು. ಅಮ್ಮ ಗೋಡೆಯ ಧೂಳು ಹೊಡೆಯುವಾಗ ಅಷ್ಟು ಜಾಗ ಬಿಟ್ಟು ಹೊಡೆಯುತ್ತಿದ್ದಳು. ಹಾಗಾಗಿ ಇಡೀ ಮನೆಯಲ್ಲಿ ಜೇಡರಬಲೆ ಇದ್ದದ್ದು ಅಲ್ಲೊಂದೇ ಕಡೆ. ಒಮ್ಮೆ ನಾನು ಹಿತ್ತಿಲಲ್ಲಿ ಬಿದ್ದಿದ್ದ ಅಪ್ಪನ ಕೊಡಲಿಯನ್ನು ದಾಟಿಬಿಟ್ಟೆ. ಅಜ್ಜಿ ಅದನ್ನು ಅಪ್ಪನ ಕೈಯಲ್ಲಿ ಹುಣಸೆಹಣ್ಣು ಹಾಕಿಸಿ ತೊಳೆಸಿ, ಅವನ ಕೈಯಲ್ಲೇ ಕುಂಕುಮ ಇಡಿಸಿ, ಆಮೇಲೆ ನನ್ನ ಕಡೆ ತಿರುಗಿದಳು. ಆ ರಾತ್ರಿ ಹುರುಳಿ ಸಾರು, ಮುದ್ದೆ. ನನ್ನ ತಟ್ಟೆಗೆ ಬಿದ್ದದ್ದು ಬೆಕ್ಕಿಗೆ ಹಾಕುವಷ್ಟು ಮುದ್ದೆ. ಅಮ್ಮ ಅಜ್ಜಿಗೆ ಕಾಣದಂತೆ ತನ್ನದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ತಳ್ಳಿದಳು.

ಇದರಲ್ಲಿ ತಮಾಷೆ ಏನೆಂದರೆ ನಮ್ಮ ಬದುಕೇ ಸೌದೆಯದು. ಹಿತ್ತಿಲ ಬಾಗಿಲು ತೆಗೆದರೆ ಸೌದೆ ಮಂಡಿ. ಹುಣಸೆ, ಬೇವು, ನೀಲಗಿರಿ ದಿಮ್ಮಿಗಳನ್ನು ಲಾರಿಯಲ್ಲಿ ತರಿಸಿ, ತುಂಡು ಹಾಕಿ, ಸೀಳಿ, ಒಣಗಿಸಿ ಮಾರುವುದು. ಕೆಲಮಂಗಲದ ಹೋಟೆಲುಗಳಿಗೆ, ಮದುವೆ ಅಡುಗೆಯವರಿಗೆ ನಮ್ಮಲ್ಲಿಂದಲೇ ಸೌದೆ ಹೋಗುತ್ತಿತ್ತು. ಪಡಸಾಲೆಯಲ್ಲಿ ಮಲಗಿದರೆ ಹಸಿ ಮರದ ವಾಸನೆ, ಚಾಪೆ ಕೊಡವಿದರೆ ಮರದ ಪುಡಿ, ಆಗಾಗ ಒಂದು ಚೇಳು. ಅಷ್ಟು ಮರದ ನಡುವೆ ಹುಟ್ಟಿ ಬೆಳೆದ ನನಗೆ ಒಂದು ಕಡ್ಡಿಯನ್ನಾದರೂ ಸೀಳುವ ಹಕ್ಕಿರಲಿಲ್ಲ. ಹೊರು ಎಂದರೆ ಹೊರಬೇಕು, ಅಡಕು ಎಂದರೆ ಅಡಕಬೇಕು. ಸೀಳುವುದು ಮಾತ್ರ ಗಂಡಸರ ಕೆಲಸ. ಬೆಳಗಾಗುತ್ತಲೇ ಅಪ್ಪ ಕೊಡಲಿ ಎತ್ತಿದ ಸದ್ದು ಕೇಳಿದ ಮೇಲೆಯೇ ಅಮ್ಮ ಒಲೆ ಹಚ್ಚುತ್ತಿದ್ದುದು.

ಒಂದು ದಿನ ಲಾರಿಯಿಂದ ಇಳಿಸುವಾಗ ಹುಣಸೆ ದಿಮ್ಮಿ ಉರುಳಿ ಅಪ್ಪನ ಬಲಭುಜದ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಕಟ್ಟಿ ಕಳಿಸಿದರು, ಅದು ಕೂಡಿತು, ಆದರೆ ತೋಳು ಕಿವಿಯ ಮೇಲಕ್ಕೆ ಏಳಲಿಲ್ಲ. ಕೊಡಲಿ ಎತ್ತದ ಅಪ್ಪ ಮನೆಯೊಳಗೆ ಎಲ್ಲಿ ಕೂರಬೇಕೆಂದು ತಿಳಿಯದವನಂತೆ ಜಗಲಿಗೂ ಪಡಸಾಲೆಗೂ ಓಡಾಡಿಕೊಂಡಿದ್ದ. ಕೂಲಿಗೆ ಕರೆದ ಗಂಡಸರು ಇವತ್ತು ಬರುತ್ತೇವೆ ಎಂದರೆ ನಾಡಿದ್ದು ಬರುತ್ತಿದ್ದರು. ಬಂದವರು ಟೀ ಕುಡಿದು, ಮೆತ್ತಗಿನ ನೀಲಗಿರಿ ಸೀಳಿ, ಗಂಟು ಹುಣಸೆಯನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಮಂಡಿ ತುಂಬ ಮರ, ನಮ್ಮ ಒಲೆಗೆ ತೆಂಗಿನ ಗರಿ. ಅಮ್ಮ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಮುದ್ದೆ ತಿರುವುತ್ತಿದ್ದದ್ದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ದುಃಖ ಆಮೇಲೆ, ಮೊದಲು ಸಿಟ್ಟು.

ಹಾಗಿರುವಾಗ ಎದುರು ಮನೆಯ ದೊಡ್ಡಪ್ಪ, ಅಪ್ಪನ ಅಣ್ಣ, ಒಂದು ಸಂಜೆ ಬಂದು ಜಗಲಿಯಲ್ಲಿ ಕೂತ. ಅವನಿಗೆ ಗಟ್ಟಿಮುಟ್ಟಾದ ಇಬ್ಬರು ಗಂಡುಮಕ್ಕಳು. ಕೂತವನೇ ಎಲೆಯಡಿಕೆ ಹಾಕಿಕೊಂಡು ಅಪ್ಪನನ್ನು ಕೇಳಿದ:

"ಏನ್ಲಾ ನಂಜ, ಹಿಂಗೇ ಎಷ್ಟು ದಿನ? ಮಂಡಿ ನಮಗೆ ಬುಟ್ಬುಡು. ನಮ್ಮ ಹುಡುಗರು ಸೀಳ್ತವೆ. ನೀನು ಬಂದೋರ್ನ ಮಾತಾಡಿಸ್ಕಂಡು ಕುಂತ್ಕೊ. ನಿನ್ನ ಹೊಟ್ಟೆಗೆ ನಾನಿಲ್ವಾ?"

ದೊಡ್ಡಪ್ಪ ಕೆಟ್ಟವನೇನಲ್ಲ. ಆದರೆ ಅವನ ದಯೆಗೆ ಒಮ್ಮೆ ಒಳಗಾದವರು ಮತ್ತೆ ತಲೆ ಎತ್ತಿದ್ದನ್ನು ನಾನು ಕಂಡಿಲ್ಲ. ಅಪ್ಪ ಅವನ ಕೈಕೆಳಗಿನ ಆಳಾಗುತ್ತಿದ್ದ, ಅಮ್ಮ ಅವರ ಮನೆಯ ಪಾತ್ರೆಗೂ ಬಗ್ಗಬೇಕಾಗುತ್ತಿತ್ತು, ನಾನು ಅವರ ಬಚ್ಚಲೊಲೆಗೆ ಸೌದೆ ಹೊರಬೇಕಾಗುತ್ತಿತ್ತು. ಅಷ್ಟು ಆ ವಯಸ್ಸಿನಲ್ಲೇ ನನಗೆ ಗೊತ್ತಾಗಿತ್ತು. ಅಡುಗೆಮನೆಯಿಂದ ಅಮ್ಮನ ದನಿ ಬಂತು:

"ಮಂಡಿ ಯಾರಿಗೂ ಬಿಡಲ್ಲ ಭಾವ. ಸೌದೆ ನಾನು ಸೀಳ್ತೀನಿ."

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಮೊರವನ್ನು ನೆಲಕ್ಕೆ ಕುಕ್ಕಿದಳು.

"ಈ ಮನೆ ಸೊಸೆ ಕೊಡ್ಲಿ ಎತ್ತೋದಾ? ನಾನು ಬದುಕಿರೋ ತಂಕ ಆಗಾಕಿಲ್ಲ ಕಣಮ್ಮಿ!"

"ಕೊಡ್ಲಿ ಯಾಕೆ ಎತ್ಲಿ ಅತ್ತೆ? ನಿಮ್ಮ ಕೊಡ್ಲಿ ಗೂಟದಲ್ಲೇ ಇರ್ಲಿ. ಅದನ್ನ ಮುಟ್ಟದೆ ಸೀಳ್ತೀನಿ."

ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆ ಚೆಲ್ಲುವಷ್ಟು ನಕ್ಕ. ಅಪ್ಪ ಅಣ್ಣನಿಗೆ ಒಂದು ಮಾತು ಕೊಟ್ಟ. ಆಯುಧಪೂಜೆ ಕಳೆದ ಮೇಲೆ ಮದುವೆ ಅಡುಗೆಗೆ ಹೋಗುವ ಮೊದಲ ಸೌದೆ ಲೋಡನ್ನು ನಾವೇ ಸೀಳಿ ಕಳಿಸಿದರೆ ಮಂಡಿ ನಮ್ಮದು. ಆಗದಿದ್ದರೆ ಅಣ್ಣನಿಗೆ.

ನಮ್ಮ ಮನೆಯಲ್ಲಿ ಯಾರೂ ಆಡದ ಒಂದು ವಿಷಯವಿತ್ತು. ಅಮ್ಮ ಹೊಸೂರಿನ ಪಕ್ಕದ ಮೂಕಂಡಪಲ್ಲಿಯವಳು. ಅವಳಪ್ಪ ಕರ್ನಾಟಕದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು ಅಲ್ಲಿನ ಸಾಲುಮನೆಯೊಂದರಲ್ಲಿ ನೆಲೆಸಿದವನು. ಮದುವೆಗೆ ಮುಂಚೆ ಅಮ್ಮನೂ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಹೋಸು, ಅಂದರೆ ಒತ್ತಡದ ಎಣ್ಣೆ ಹರಿಯುವ ಕೊಳವೆಗಳಿಗೆ ತುದಿ ಕೂರಿಸಿ, ಎಣ್ಣೆ ಒತ್ತಡ ಕೊಟ್ಟು, ಸೋರುತ್ತದೋ ಇಲ್ಲವೋ ನೋಡುವ ಕೆಲಸ ಮಾಡಿದ್ದಳು. ಕಂಪನಿಗೆ ಹೋಗಿಬರುತ್ತಿದ್ದ ಹುಡುಗಿಯನ್ನು ತಂದುಕೊಂಡೆವು ಎಂದು ಅಜ್ಜಿಗೆ ನಾಚಿಕೆ. ನೆಂಟರು ಕೇಳಿದರೆ "ಟೈಲರಿಂಗ್ ಕಲ್ತವ್ಳೆ" ಎನ್ನುತ್ತಿದ್ದಳು. ಅಮ್ಮನಿಗೆ ಒಂದು ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ನನ್ನ ಲಂಗದ ಹುಕ್ಕು ಕಿತ್ತರೆ ಪಿನ್ನು ಚುಚ್ಚಿ ಕಳಿಸುತ್ತಿದ್ದಳು.

ಮುಂದಿನ ವಾರದಿಂದ ಅಮ್ಮನೂ ನಾನೂ ಬಸ್ಸು ಹತ್ತಿ ಗುಜರಿ ಅಂಗಡಿಗಳನ್ನು ಸುತ್ತಿದೆವು. ಮುರಿದ ಯಂತ್ರವೊಂದರಿಂದ ಬಿಚ್ಚಿದ, ಎಣ್ಣೆಯ ಒತ್ತಡಕ್ಕೆ ದಂಡವನ್ನು ಹೊರಕ್ಕೆ ತಳ್ಳುವ ಸಿಲಿಂಡರು, ಎಣ್ಣೆ ತಳ್ಳುವ ಪಂಪು, ಹಿಂದಕ್ಕೂ ಮುಂದಕ್ಕೂ ಎಳೆಯುವ ಹಿಡಿ ಇದ್ದ ವಾಲ್ವು. ಅಮ್ಮ ಸಿಲಿಂಡರಿನ ದಂಡವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು, ಗೀರಿದ್ದರೆ ವಾಪಸ್ಸು. ಅಂಗಡಿಯವನು ತಮಿಳಿನಲ್ಲಿ ಏನೋ ಗೊಣಗಿದರೆ ಅವಳು ಅದಕ್ಕಿಂತ ಜೋರು ತಮಿಳಿನಲ್ಲಿ ಗೊಣಗುತ್ತಿದ್ದಳು. ಮನೆಯಲ್ಲಿ ಸೆರಗು ಹೊದ್ದು ಮೆಲ್ಲಗೆ ಮಾತಾಡುವ ಹೆಂಗಸು ಇವಳೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಬತ್ತಿದ ಬಾವಿಯ ಹಳೇ ಮೋಟಾರು ಮನೆಯಲ್ಲೇ ಇತ್ತು. ಊರಿನ ವೆಲ್ಡಿಂಗ್ ಸೆಲ್ವಂ ಕಬ್ಬಿಣದ ತೊಲೆಯಂಥ ಒಂದು ಗರ್ಡರಿನ ಈ ತುದಿಗೆ ಸಿಲಿಂಡರನ್ನೂ, ಆ ತುದಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ದಪ್ಪ ಬೆಣೆಯನ್ನೂ ಬೆಸೆದುಕೊಟ್ಟ. ನಡುವೆ ದಿಮ್ಮಿ ಮಲಗಿಸಿದರೆ ಸಿಲಿಂಡರು ಅದನ್ನು ಬೆಣೆಯ ಮೇಲಕ್ಕೆ ತಳ್ಳಬೇಕು. ಬೆಸುಗೆ ಮುಗಿಸಿ ಸೆಲ್ವಂ ತಲೆಯಾಡಿಸಿದ:

"ಅಕ್ಕಾ, ಇದು ವೇಲೈಕ್ಕು ಆಗಾದು, ಕೆಲಸಕ್ಕೆ ಬರಲ್ಲ. ಹುಣಸೆ ಗಂಟು ಸುಮ್ನೆ ಬಿಡಲ್ಲ."

"ಆಗದಿದ್ರೆ ನಿನ್ನ ಗರ್ಡರ್ ನಿನಗೇ. ಈಗ ಪಕ್ಕಕ್ಕೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ."

ಎಣ್ಣೆ ತುಂಬಲು ಒಂದು ದೊಡ್ಡ ತಗಡಿನ ಡಬ್ಬ. ಅದರ ಮುಚ್ಚಳದ ನಡುವೆ ಅಮ್ಮ ಮೊಳೆ ಹೊಡೆದು ಸಣ್ಣ ತೂತು ಮಾಡಿದಳು. ಯಾಕೆ ಎಂದೆ. "ಎಣ್ಣೆ ಹೊರಗೆ ಹೋದ ಜಾಗಕ್ಕೆ ಗಾಳಿ ಬರಬೇಡ್ವೇನೆ?" ಎಂದಳು.

ಮೊದಲ ದಿನ ಮೋಟಾರು ಉಲ್ಟಾ ತಿರುಗಿತು. ವೈರು ಬದಲಿಸಿದ ಮೇಲೆ ಸಿಲಿಂಡರು ಬಿಕ್ಕಳಿಸುತ್ತ ಮುಂದಕ್ಕೆ ಬಂತು. ಒಳಗೆ ಗಾಳಿ ಸೇರಿದೆ ಎಂದು ಅಮ್ಮ ದಿಮ್ಮಿ ಇಡದೆ ಅದನ್ನು ಹಿಂದೆ ಮುಂದೆ ಆಡಿಸಿ ಆಡಿಸಿ ಸರಿ ಮಾಡಿದಳು. ಮಾರನೆಯ ದಿನ ವಾರೆಯಾಗಿ ಕತ್ತರಿಸಿದ್ದ ಬೇವಿನ ತುಂಡೊಂದು ಪಕ್ಕಕ್ಕೆ ಚಿಮ್ಮಿ ಬಚ್ಚಲ ಹಂಡೆಗೆ ಬಡಿದು, ಹಂಡೆಯ ಹೊಟ್ಟೆ ತಗ್ಗಾಯಿತು. ಅಜ್ಜಿ ಆವತ್ತು ಸ್ನಾನ ಮಾಡಲಿಲ್ಲ. ಆಮೇಲೆ ಬೆಸುಗೆ ಬಿರುಕು ಬಿಟ್ಟಿತು, ಸೆಲ್ವಂ ಬೈದುಕೊಂಡು ಮತ್ತೆ ಬೆಸೆದ. ಗಂಟಿರುವ ಹುಣಸೆ ಸಿಕ್ಕಾಗ ಸಿಲಿಂಡರು ನಿಂತೇಬಿಡುತ್ತಿತ್ತು. ಅಮ್ಮ ಒತ್ತಡದ ತಿರುಪನ್ನು ಒಂದಿಷ್ಟೇ ಬಿಗಿ ಮಾಡುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಒಂದಿಷ್ಟು. ಎಣ್ಣೆ ಸೋರುವ ಜಾಗ ಹುಡುಕಲು ನಾನು ಹೋಸಿನ ಮೇಲೆ ಕೈ ಇಡಲು ಹೋದೆ. ಅವಳು ನನ್ನ ಕೆನ್ನೆಗೆ ಬಾರಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

"ಕಣ್ಣಿಗೆ ಕಾಣದಷ್ಟು ಸಣ್ಣ ತೂತಿಂದ ಎಣ್ಣೆ ಬಂದ್ರೂ ಚರ್ಮ ಸೀಳ್ಕೊಂಡು ಒಳಗೆ ಹೋಗ್ತದೆ. ರಟ್ಟು ಹಿಡಿ. ಕೈ ಹಿಡಿಬೇಡ."

ರಟ್ಟಿನ ತುಂಡನ್ನು ಹೋಸಿನುದ್ದಕ್ಕೂ ಸರಿಸಿ, ಅದರ ಮೇಲೆ ಎಣ್ಣೆಯ ಗೆರೆ ಬಿದ್ದಲ್ಲಿ ಸೋರಿಕೆ ಎಂದು ತಿಳಿಯುವುದನ್ನು ಆವತ್ತು ಕಲಿತೆ. ಈಗ ಹೊಸೂರಿನಲ್ಲಿ ನನ್ನದೇ ಹೋಸ್ ರಿಪೇರಿ ಅಂಗಡಿ ಇದೆ. ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಮೆಕ್ಯಾನಿಕ್ ಇಲ್ವಾ ಮೇಡಂ?" ಎಂದು ಕೇಳುತ್ತಾರೆ. ನಾನು ರಟ್ಟು ತೆಗೆದುಕೊಂಡು ಎದ್ದು ನಿಲ್ಲುತ್ತೇನೆ. ಇನ್ನೂ ಒಳಗೆ ಇಣುಕುತ್ತಲೇ ಇದ್ದರೆ ಇಣುಕಲಿ ಎಂದು ಬಿಟ್ಟುಬಿಡುತ್ತೇನೆ.

ಯಂತ್ರ ಒಂದು ಹದಕ್ಕೆ ಬಂದು, ದಿಮ್ಮಿ ಕರಕರ ಎಂದು ಎರಡು ಹೋಳಾದ ದಿನ ಅಪ್ಪ ಹತ್ತಿರ ಬಂದು, ಎಡಗೈಯಿಂದ ಒಂದು ಹೋಳನ್ನು ಎತ್ತಿ, ಮೂಸಿ ನೋಡಿ ಒಳಗೆ ಹೋದ. ಅಜ್ಜಿ ಮಾತ್ರ ತಿರುಗಿಯೂ ನೋಡಲಿಲ್ಲ. ಮೆಷಿನ್ನಿನ ಸೌದೆಯಲ್ಲಿ ಬೇಯಿಸಿದ್ದು ತಿನ್ನುವುದಿಲ್ಲ ಎಂದು ತನ್ನ ಪಾಲಿಗೆ ಗರಿ ಹಾಕಿ ಬೇರೆ ಅಡುಗೆ ಮಾಡಿಕೊಂಡಳು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಸಾರು. ನಾನು ಎರಡೂ ಕಡೆ ಉಂಡು ಕೊಬ್ಬಿದೆ. ಆದರೆ ಮಧ್ಯಾಹ್ನ ಅಮ್ಮ ಸೀಳುವಾಗ ಅಜ್ಜಿ ಚಕ್ಕೆ ಆಯುವ ನೆಪದಲ್ಲಿ ಬಂದು ಮಂಡಿಯ ಮೂಲೆಯಲ್ಲಿ ಕೂರತೊಡಗಿದ್ದನ್ನು ನಾನು ಕಂಡೆ. ಆಯ್ದ ಚಕ್ಕೆ ಒಂದು ಹಿಡಿ, ಕೂತದ್ದು ಒಂದು ಹೊತ್ತು.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕೊಡಲಿ, ಗರಗಸ, ಕುಡುಗೋಲು ಎಲ್ಲ ತೊಳೆದು ಪಡಸಾಲೆಯಲ್ಲಿ ಸಾಲಾಗಿ ಮಲಗಿಸುತ್ತಾರೆ. ಅಪ್ಪ ಗಂಧ ಕುಂಕುಮ ಇಡುತ್ತಾನೆ. ಆ ಗುರುತನ್ನು ಯಾರೂ ಒರೆಸುವಂತಿಲ್ಲ, ಕೆಲಸ ಮಾಡುತ್ತ ಮಾಡುತ್ತ ಅದೇ ಸವೆದು ಹೋಗಬೇಕು. ತಾತ ಹೋದ ಮೇಲೆ ಅಜ್ಜಿ ಕುಂಕುಮದ ಬಟ್ಟಲು ಮುಟ್ಟಿದವಳಲ್ಲ. ಗಂಡ ಇಲ್ಲದವಳು ಶುಭದ ಸಾಮಾನಿಗೆ ಕೈ ಇಡಬಾರದು ಎನ್ನುವುದು ಅವಳದೇ ಕಟ್ಟುನಿಟ್ಟು. ಬಾಗಿಲ ಹೊರಗೆ ಕೂತು ಅದು ಹಾಗಲ್ಲ, ಇದು ಹೀಗೆ ಎಂದು ಹೇಳಿಕೊಡುತ್ತಿದ್ದಳು, ಅಷ್ಟೇ. ಆ ವರ್ಷವೂ ಹಾಗೇ ಆಯಿತು. ಅಪ್ಪ ಮಂಡಿಗೆ ಹೋಗಿ ಬೂದುಗುಂಬಳ ಒಡೆದ, ಯಂತ್ರಕ್ಕೆ ಒಂದು ಹೂವಿನ ಹಾರ ಹಾಕಿದ. ಸಂಜೆ ನೋಡಿದರೆ ಎಣ್ಣೆ ಡಬ್ಬದ ನೆತ್ತಿಯ ಮೇಲೆ ಅರಿಶಿನ ಕಲಸಿದ ಗಂಧ, ಅದರ ನಡುವೆ ದಪ್ಪನೆಯ ಕುಂಕುಮ. ಅಪ್ಪ ಇಟ್ಟಿರಬೇಕು ಎಂದು ಅಮ್ಮ ಅಂದುಕೊಂಡಳು, ಅಮ್ಮ ಇಟ್ಟಿರಬೇಕು ಎಂದು ಅಪ್ಪ.

ಹಬ್ಬ ಕಳೆದು ಮದುವೆ ಲೋಡಿನ ಟೆಂಪೊ ಬಂದು ನಿಂತಿತು. ಲೆಕ್ಕ ತೀರಿಸಲು ಬಂದವನಂತೆ ದೊಡ್ಡಪ್ಪನೂ ಬಂದು ನಿಂತ, ಹಿಂದೆ ಅವನ ಇಬ್ಬರು ಮಕ್ಕಳು, ಹೆಗಲ ಮೇಲೆ ಕೊಡಲಿ. ಅಮ್ಮ ಮೋಟಾರು ಹಾಕಿದಳು. ಮೊದಲ ಕೆಲವು ತುಂಡು ಬೆಣ್ಣೆಯಂತೆ ಸೀಳಿದವು. ಆಮೇಲೆ ಪಂಪು ಗೊಯ್ಯೆಂದು ನರಳಿ, ಸಿಲಿಂಡರು ತೆವಳಿ, ಅರ್ಧ ಸೀಳಿದ ದಿಮ್ಮಿಯನ್ನು ಕಚ್ಚಿಕೊಂಡು ನಿಂತಿತು. ಅಮ್ಮ ನಿಲ್ಲಿಸಿ ಮುಚ್ಚಳ ತೆಗೆದಳು. ಎಣ್ಣೆ ಇದೆ. ಮುಚ್ಚಳ ಹಾಕಿ ಶುರು ಮಾಡಿದರೆ ಒಂದಿಷ್ಟು ಸೀಳಿ ಮತ್ತೆ ಅದೇ ನರಳಾಟ. ಹೋಸು ನೋಡಿದಳು, ವೈರು ನೋಡಿದಳು, ತಿರುಪು ಬಿಗಿ ಮಾಡಿದಳು. ನಾನು ರಟ್ಟು ಹಿಡಿದು ಎಲ್ಲ ಕಡೆ ಸರಿಸಿದೆ, ಒಂದು ಹನಿಯೂ ಬೀಳಲಿಲ್ಲ. ಟೆಂಪೊದವನು ಹಾರ್ನು ಹೊಡೆದ.

"ಆಯುಧಕ್ಕೂ ಒಂದು ಮರ್ಯಾದೆ ಐತೆ ಕಣಮ್ಮ," ಎಂದ ದೊಡ್ಡಪ್ಪ. "ಹೆಂಗಸಿನ ಕೈಗೆ ಅದು ಒಗ್ಗಾಕಿಲ್ಲ. ಸರ್ಕೊ, ಹುಡುಗರು ನೋಡ್ಕತಾರೆ."

ಅಮ್ಮ ಸರಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಮತ್ತೆ ಮೋಟಾರು ಹಾಕಿದಳು. ನನಗೆ ಅಳು ಬಂತು, ಅಳಬಾರದು ಎಂದು ಹಲ್ಲು ಕಚ್ಚಿಕೊಂಡು ಡಬ್ಬವನ್ನೇ ದಿಟ್ಟಿಸಿದೆ. ಆಗ ನೋಡಿದೆ. ಪಂಪು ನರಳುವಾಗ ಡಬ್ಬದ ಪಕ್ಕ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಅಜ್ಜಿ ಹುಣಸೆಬೀಜ ಚೀಪುವಾಗ ಅವಳ ಕೆನ್ನೆ ಒಳಕ್ಕೆ ಹೋಗುತ್ತದಲ್ಲ, ಹಾಗೆ. ಅಮ್ಮ ಮುಚ್ಚಳ ತೆಗೆದ ಕೂಡಲೇ ಟಪ್ಪೆಂದು ಮೊದಲಿನಂತೆ ಉಬ್ಬಿತು.

"ಅಮ್ಮಾ, ನೀನು ಮುಚ್ಚಳ ತೆಗೆದಾಗೆಲ್ಲ ಸರಿಹೋಗ್ತೈತೆ. ಹಾಕಿದ್ರೆ ನಿಲ್ತೈತೆ."

ಅಮ್ಮ ಮುಚ್ಚಳವನ್ನು ತಿರುಗಿಸಿ ಬಿಸಿಲಿಗೆ ಹಿಡಿದಳು. ಅವಳು ಮೊಳೆ ಹೊಡೆದ ತೂತಿನಲ್ಲಿ ಬೆಳಕು ಬರಲಿಲ್ಲ. ಮೇಲೆ ಗಂಧ ಅರಿಶಿನ ಒಣಗಿ ಗಾರೆಯಂತೆ ಕೂತಿತ್ತು. ಬೆಳಗಿನಿಂದ ಅಮ್ಮ ಯಂತ್ರದ ಅಂಗುಲ ಅಂಗುಲ ಹುಡುಕಿದ್ದಳು, ಅದೊಂದನ್ನು ಬಿಟ್ಟು. ಕುಂಕುಮ ಇಟ್ಟ ಜಾಗವನ್ನು ನಮ್ಮಲ್ಲಿ ಯಾರೂ ಅನುಮಾನಿಸಿ ನೋಡುವುದಿಲ್ಲ. ಅವಳು ಹೆಬ್ಬೆರಳನ್ನು ಅದರ ಮೇಲೆ ತಂದು ಹಾಗೇ ನಿಲ್ಲಿಸಿಕೊಂಡಳು.

"ಪೂಜೆ ಕುಂಕುಮ ಒರೆಸ್ತೀಯೇನಮ್ಮ?" ದೊಡ್ಡಪ್ಪನ ದನಿ ಏರಿತು. "ಗಂಡ ಎದುರಿಗೆ ನಿಂತವ್ನೆ! ಯಾರು ಇಟ್ಟಿದ್ದು ಅದನ್ನ? ನೀನೇನ್ಲಾ ನಂಜ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅಮ್ಮನೂ ಇಲ್ಲವೆಂದಳು. ಮಂಡಿಯ ಮೂಲೆಯಲ್ಲಿ ಚಕ್ಕೆ ಆಯುತ್ತಿದ್ದ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. ಮೆಲ್ಲಗೆ ನಡೆದು ಬಂದು ಅಮ್ಮನ ಕೈಯಿಂದ ಮುಚ್ಚಳ ಕಿತ್ತುಕೊಂಡಳು.

"ನಾನು ಇಟ್ಟಿದ್ದು."

"ಅವ್ವಾ!" ದೊಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದ. "ನೀನು ಕುಂಕುಮ ಮುಟ್ಟಿದ್ಯಾ? ಅದೂ ಪೂಜೆ ದಿನ?"

"ಮುಟ್ದೆ ಕಣ್ಲಾ. ಏನೀಗ? ಮಧ್ಯಾಹ್ನ ಎಲ್ರೂ ಉಂಡು ಮಲಗಿದ್ರಿ, ಹೋಗಿ ಇಟ್ಟು ಬಂದೆ. ಇದು ನನ್ನ ಸೊಸೆ ಮಾಡಿದ್ದು, ದೃಷ್ಟಿ ಆಗ್ದೆ ಇರ್ಲಿ ಅಂತ ದಪ್ಪಗೇ ಇಟ್ಟೆ." ಅವಳು ಮುಚ್ಚಳವನ್ನು ದೊಡ್ಡಪ್ಪನ ಮುಖಕ್ಕೆ ಹಿಡಿದಳು. "ನಿಮ್ಮಪ್ಪ ಕಾಯಿಲೆ ಬಿದ್ದಾಗ ನೀವಿಬ್ರೂ ಇಷ್ಟಿಷ್ಟುದ್ದ. ಗೂಟದಾಗೆ ಕೊಡ್ಲಿ ಐತೆ, ಮುಟ್ಟಂಗಿಲ್ಲ. ಹಸಿ ಸೌದೆ ಊದಿ ಊದಿ ನನ್ನ ಕಣ್ಣು ಮಂಜಾದ್ವು. ನಿಮ್ಮನ್ನ ಎಷ್ಟು ದಿನ ಬರೀ ನೀರು ಕುಡಿಸಿ ಮಲಗಿಸಿವ್ನಿ. ಅವತ್ತು ಯಾವ ಗಂಡಸು ಬಂದು ಸೀಳ್ಕೊಟ್ಟ, ಹೇಳ್ಲಾ!"

ಅಜ್ಜಿ ಸೆರಗಿನ ತುದಿಗೆ ಉಗುಳು ಹಚ್ಚಿ ಆ ಕುಂಕುಮವನ್ನು ತಾನೇ ಉಜ್ಜಿ ಒರೆಸಿದಳು. ನೆಲದಿಂದ ಒಂದು ಕಡ್ಡಿ ಆಯ್ದು ತೂತಿಗೆ ಚುಚ್ಚಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಬೆಳಕು ಬಂದಿರಬೇಕು. ಮುಚ್ಚಳವನ್ನು ಡಬ್ಬಕ್ಕೆ ಹಾಕಿ, ಬೆರಳಿಗೆ ಮೆತ್ತಿದ್ದ ಕುಂಕುಮವನ್ನು ಎಲ್ಲರೂ ನೋಡುತ್ತಿರುವಂತೆ ಅಮ್ಮನ ಹಣೆಗೆ ಒತ್ತಿದಳು.

"ಹಾಕು ಸರೋಜ."

ಮೋಟಾರು ತಿರುಗಿತು. ಪಂಪು ನರಳಲಿಲ್ಲ. ಕಚ್ಚಿಕೊಂಡಿದ್ದ ಹುಣಸೆ ದಿಮ್ಮಿ ಬೆಣೆಯ ಮೇಲೆ ಕಿರುಗುಟ್ಟಿ, ಗಂಟಿನ ನಡುವೆಯೇ ಬಿರಿದು ಎರಡಾಯಿತು. ನಾನು ಕಿರುಚಿಕೊಂಡೆ. ಅಪ್ಪ ಎಡಗೈಯಿಂದ ಮುಂದಿನ ತುಂಡು ಉರುಳಿಸಿ ತಂದ. ಅಜ್ಜಿ ಅಮ್ಮನ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿ, ಹಿಡಿಯ ಕಡೆ ಕೈ ಚಾಚಿದಳು.

"ಎಲ್ಲಿ, ಅದನ್ನ ಹೆಂಗೆ ಎಳಿಯೋದು ತೋರ್ಸು."

ಅಮ್ಮ ಅವಳ ಕೈ ಹಿಡಿದು ವಾಲ್ವಿನ ಹಿಡಿಯ ಮೇಲೆ ಇಟ್ಟಳು. ಬದುಕಿಡೀ ಕೊಡಲಿ ಮುಟ್ಟದ ಆ ಕೈ ಹಿಡಿಯನ್ನು ಎಳೆಯಿತು. ದಿಮ್ಮಿ ಹೋಳಾಗಿ ಎರಡೂ ಕಡೆ ಉರುಳಿದಾಗ ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಆಮೇಲೆ ಹಿಡಿ ಬಿಡದೆ, ಕೊಡಲಿ ಹೊತ್ತ ಮಕ್ಕಳ ಜೊತೆ ಇನ್ನೂ ಅಲ್ಲೇ ನಿಂತಿದ್ದ ದೊಡ್ಡಪ್ಪನ ಕಡೆ ತಿರುಗಿದಳು.

"ನಿಂತ್ಕಂಡು ಏನ್ಲಾ ನೋಡ್ತೀಯ? ಸೀಳಿದ್ದನ್ನ ಟೆಂಪೊಗೆ ಹಾಕು."

ದೊಡ್ಡಪ್ಪ ಬಗ್ಗಿ ಒಂದು ಹೋಳು ಎತ್ತಿಕೊಂಡ.